ತಡವಾಗಿ ಕರಗುವ ರುಚಿ

ಸಿಂಧನೂರಿನ ಮಸಾಲೆ ಕಾರ್ಖಾನೆಯಲ್ಲಿ ನನ್ನ ಕೆಲಸ ಒಂದೇ: ರುಚಿ ಹೆಚ್ಚಿಸುವ ಪುಡಿಯ ಒಂದೊಂದು ಹರಳಿಗೂ ಕೊಬ್ಬಿನ ತೆಳು ಹೊದಿಕೆ ಹಾಕಿಸುವುದು. ಅಡುಗೆ ಕುದಿಯುವಾಗ ಹೊದಿಕೆ ಮೆಲ್ಲಗೆ ಬಿಡಬೇಕು, ಉಣ್ಣುವ ಹೊತ್ತಿಗೂ ರುಚಿ ಉಳಿದಿರಬೇಕು. ದಿನವಿಡೀ ಚಮಚ ನೆಕ್ಕಿ ನೆಕ್ಕಿ, ಸಂಜೆ ಮಸ್ಕಿ ಬಸ್ಸಿನಲ್ಲಿ ನಿಂತು ಬರುವಾಗ ನಾಲಿಗೆ ಸವೆದ ಚಪ್ಪಲಿಯಂತಾಗಿರುತ್ತದೆ. ಮನೆಯಲ್ಲಿ ಏನು ಉಂಡರೂ ನನಗೆ ಅಷ್ಟೇ.

ಆದರೆ ಈ ವರ್ಷ ಊಟ ಬಿಟ್ಟವನು ಅಪ್ಪ. ಲಿಂಗಸುಗೂರಿನ ಡಾಕ್ಟರು ಬಿ.ಪಿ. ನೋಡಿ "ಉಪ್ಪು ಕಡಿಮಿ ಮಾಡ್ರಿ" ಅಂದದ್ದೇ ತಡ, ಅಪ್ಪ ಉಪ್ಪನ್ನು ಪೂರ್ತಿ ಬಿಟ್ಟ. ಆಮೇಲೆ ಊಟವೂ ಸೇರದಾಯಿತು. ಎರಡು ತುತ್ತು ರೊಟ್ಟಿ ತಿಂದು ಕೈ ತೊಳೆಯುತ್ತಿದ್ದ. ಅಂಗಿ ಹೆಗಲಿಂದ ಜಾರತೊಡಗಿದಾಗ ನನಗೆ ಹೆದರಿಕೆಯಾಯಿತು.

ಅಣಬೆ, ಬೆಳ್ಳುಳ್ಳಿ ಸತ್ವದ ಉಪ್ಪಿಲ್ಲದ ಹರಳು ನಮ್ಮಲ್ಲೇ ತಯಾರಾಗುತ್ತಿತ್ತು. ಡಾಕ್ಟರನ್ನು ಕೇಳಿಯೇ ಒಂದು ಪೊಟ್ಟಣ ತಂದೆ. ಅವ್ವ ಅದನ್ನು ನೇರ ಕಾದ ಎಣ್ಣೆಗೆ ಸುರಿದಳು. ಹೊದಿಕೆ ಅಲ್ಲೇ ಕರಗಿ, ಸತ್ವ ಸೀದು, ಬೇಳೆ ಕಹಿಯಾಯಿತು.

"ಯವ್ವಾ, ಎಣ್ಣ್ಯಾಗ ಹಾಕಬ್ಯಾಡ. ಕುದಿಯೋ ಬ್ಯಾಳ್ಯಾಗ ಹಾಕು."

"ಒಗ್ಗರಣಿಗೆ ಆಗಲಾರದ್ದು ಅದೆಂಥಾ ಮಸಾಲಿಬೇ?"

ನಮ್ಮ ಕಡೆ ಅಡುಗೆ ಶುರುವಾಗುವುದೇ ಒಗ್ಗರಣೆಯಿಂದ. ಕಾರ್ಖಾನೆಯಲ್ಲಿ ನಮಗ್ಯಾರಿಗೂ ಅದು ಹೊಳೆದಿರಲಿಲ್ಲ. ವಾದ ಮಾಡಲು ನನಗೆ ತ್ರಾಣವಿರಲಿಲ್ಲ. ಮರುದಿನ ಅವ್ವ ಅಡುಗೆ ಮಾಡುವಾಗ ಪಕ್ಕದಲ್ಲೇ ನಿಂತು, ಬೇಳೆ ಕುದಿ ಬಂದಮೇಲೆ ನಾನೇ ಹರಳು ಹಾಕಿದೆ.

ಅಪ್ಪ ರೊಟ್ಟಿ ಅದ್ದಿ ಒಂದು ತುತ್ತು ಬಾಯಿಗಿಟ್ಟ. ಮುಖ ಅರಳಿತು. ಮರುಕ್ಷಣವೇ ತಟ್ಟೆ ದೂಡಿದ.

"ಉಪ್ಪು ಹಾಕೀರಿ."

"ಇಲ್ಲಪ್ಪ, ನಿನ್ನಾಣಿ."

"ನಾಲಿಗಿಗೆ ಮೋಸ ಮಾಡೋದ ನಿನ್ನ ನೌಕರಿ. ನಿನ್ನ ಮಾತು ಹ್ಯಾಂಗ ನಂಬ್ಲಿ?"

ದುಡಿದು ಸುಸ್ತಾಗಿ ಬಂದು ಇದನ್ನೂ ಕೇಳಬೇಕಿತ್ತೇ ಅನ್ನಿಸಿತು. ಸಿಟ್ಟು ಮಾಡಲೂ ಆಗಲಿಲ್ಲ. ಗೋಡೆಗೆ ಒರಗಿ ಕೂತೆ.

ಒಲೆಯ ಮುಂದಿನಿಂದ ಅವ್ವ ಅಂದಳು: "ಅಡಗಿ ಮಾಡಿದಾಕಿ ನಾನು. ಉಪ್ಪಿನ ಡಬ್ಬಿ ಮುಟ್ಟಿಲ್ಲ. ಸುಮ್ಕ ಉಣ್ರಿ."

ಅಪ್ಪ ತಟ್ಟೆಯನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡ. ಒಂದು ರೊಟ್ಟಿ ಮುಗಿಯಿತು. ಇನ್ನೊಂದು ಮುರಿದು, "ಬ್ಯಾಳಿ ಹಾಕು" ಅಂದ, ಅವ್ವನಿಗೆ.

ಅವ್ವ ನನಗೂ ಬಡಿಸಿದಳು. ನನ್ನ ನಾಲಿಗೆಗೆ ಏನೂ ಹತ್ತಲಿಲ್ಲ. ಎದುರಿಗೆ ಅಪ್ಪ ಬೆರಳು ನೆಕ್ಕುತ್ತಿದ್ದ.