ಹುಣಸೆಹಣ್ಣು ಹಾಕಿ ತಿಕ್ಕಿದ ಕೆಂಪು ತಗಡು

ಮೇಷ್ಟ್ರೇ, ನಿಮ್ಮ ಕೆಂಪು ತಗಡನ್ನು ಹಾಳು ಮಾಡಿದವಳು ನಾನು. ಹುಣಸೆಹಣ್ಣು, ಬೂದಿ ಹಾಕಿ, ಕಬ್ಬಿಣ ಬೆಳ್ಳಗಾಗುವವರೆಗೆ ತಿಕ್ಕಿದೆ. ಕೊಳೆ ಅಂತ ತಿಳಿದು ತಿಕ್ಕಿದೆ ಎಂದು ಹೇಳಿಕೊಳ್ಳಬಹುದು — ಅದು ಸುಳ್ಳು.

ಎಮರ್ಜೆನ್ಸಿ ಮುಗಿದ ಮರುವರ್ಷ. ಬಳ್ಳಾರಿಯ ಕಾಲೇಜಿನಲ್ಲಿ ನಾನು ಕಸ ಹೊಡೆಯುತ್ತಿದ್ದೆ, ನೀವು ರಸಾಯನಶಾಸ್ತ್ರದ ಮೇಷ್ಟ್ರು. ಕಬ್ಬಿಣದ ತಗಡು ಕಾಯಿಸಿ, ಮೇಲೆ ತುಕ್ಕಿನ ಕೆಂಪು ಪೊರೆ ಬರಿಸಿ, ಸಣ್ಣ ಬ್ಯಾಟರಿಯ ತಂತಿ ಸಿಕ್ಕಿಸಿ, ಗಾಜಿನ ಪಾತ್ರೆಯ ನೀರಿಗೆ ಇಳಿಬಿಡುತ್ತಿದ್ದಿರಿ. ಎಷ್ಟೋ ತಗಡು ಕೆಟ್ಟ ಮೇಲೆ ಇದೊಂದು ಕೈಗೂಡಿತ್ತು. ಬಿಸಿಲು ಬಿದ್ದರೆ ಗುಳ್ಳೆ ಏಳುತ್ತಿದ್ದವು. ಬಟ್ಟೆ ಮುಚ್ಚಿದರೆ ನಿಲ್ಲುತ್ತಿದ್ದವು. ಕೆಳಗೆ ಒಲೆಯಿಲ್ಲ. ನೀರು ತಣ್ಣಗೇ ಇತ್ತು — ಬೆರಳಿಟ್ಟು ನೋಡಿದ್ದೇನೆ.

ಆ ಗಾಳಿಯನ್ನು ನಳಿಗೆಯಲ್ಲಿ ಹಿಡಿದು ಕಡ್ಡಿ ಗೀರಿದಿರಿ. ಟಪ್ ಅಂತು.

"ನೋಡು ನಿಂಗಮ್ಮ, ಇದು ಜಲಜನಕ, ಬಿಸಲಿಗೆ ನೀರು ಒಡದು ಬಂದದ್ದು. ಮುಂದ ಇದರಾಗ ಬಸ್ಸು ಓಡಸ್ತೀವಿ."

"ನೀರು ಸುಟ್ಟು ಬಸ್ಸು ಓಡಿಸಿದ್ರ ಕುಡ್ಯಾಕ ಏನು ಕೊಡ್ತೀರಿ?"

ನೀವು ನಕ್ಕಿರಿ. ನಾನು ನಗಲಿಲ್ಲ.

ಕುರುಗೋಡಿನ ಬಾವಿಯಲ್ಲಿ ನನ್ನ ಮಗಳು ಗಂಗಿ ಮುಳುಗಿದ ಮಧ್ಯಾಹ್ನ, ನಾನು ಓಡಿ ಹೋಗುವಷ್ಟರಲ್ಲಿ ನೀರ ಮೇಲೆ ಉಳಿದದ್ದು ಇಂಥವೇ ಸಣ್ಣ ಗುಳ್ಳೆ. ಆಮೇಲೆ ಅವೂ ಇಲ್ಲ. ನಿಮ್ಮ ಪಾತ್ರೆಯಲ್ಲಿ ದಿನಾ ಬಿಸಿಲೇರಿದ ಕೂಡಲೇ ಒಳಗಿಂದ ಯಾರೋ ಉಸಿರು ಬಿಡುತ್ತಿದ್ದರು. ಅದನ್ನು ಹಿಡಿದು ನೀವು ಸುಡುತ್ತಿದ್ದಿರಿ. ಒಂದು ದಿನ ಬಟ್ಟೆ ಸರಿಸಿ, ಮೆಲ್ಲಗೆ "ಗಂಗಿ" ಅಂದೆ. ಗುಳ್ಳೆ ಎದ್ದವು. ಬಟ್ಟೆ ಸರಿಸಿದ್ದಕ್ಕೆ ಎದ್ದವು, ಗೊತ್ತು. ಆದರೂ —

ದೊಡ್ಡ ಕಾಲೇಜಿನವರು ನೋಡಲು ಬರುವ ಹಿಂದಿನ ದಿನ ತಿಕ್ಕಿದೆ. ಅವರು ಒಪ್ಪಿದರೆ ಮಾತ್ರ ನಿಮ್ಮ ಕೆಲಸ ಮುಂದುವರಿಯುತ್ತದೆ ಎಂಬುದು ಗೊತ್ತಿದ್ದೇ ತಿಕ್ಕಿ, ಮತ್ತೆ ನೀರಿಗೇ ಇಳಿಬಿಟ್ಟೆ.

"ನಿಂಗಮ್ಮ, ತಗಡು ಯಾರಾರ ಮುಟ್ಟ್ಯಾರೇನು?"

"ಯಾರೂ ಮುಟ್ಟಿಲ್ರಿ."

ಬಂದವರ ಮುಂದೆ ಒಂದು ಗುಳ್ಳೆಯೂ ಏಳಲಿಲ್ಲ. ಅವರಲ್ಲೊಬ್ಬ, "ಕನಸಿನ್ಯಾಗ ಬಸ್ಸು ಹತ್ತಿದ್ರೇನ್ರಿ ಮೇಷ್ಟ್ರ?" ಅಂದ. ನೀವು ತಗಡನ್ನು ಮತ್ತೆ ಮತ್ತೆ ಹೊರಳಿಸಿ ನೋಡಿದಿರಿ. ಪೊರೆ ತಾನೇ ಕಳಚಿತು ಎಂದುಕೊಂಡಿರಿ. ನಿಮ್ಮ ನೋಟುಪುಸ್ತಕದ ಕೊನೆಯ ಸಾಲನ್ನು ಅಕ್ಷರ ಕೂಡಿಸಿ ಓದಿದೆ: 'ಈ ಪೊರೆ ನೀರಿನಲ್ಲಿ ನಿಲ್ಲುವುದಿಲ್ಲ.' ಮತ್ತೆ ತಗಡು ಮುಟ್ಟಲಿಲ್ಲ ನೀವು. ಸಿರುಗುಪ್ಪದ ಹೈಸ್ಕೂಲು ಸೇರಿದಿರಿ. ಅಲ್ಲೇ ಮುದುಕರಾದಿರಿ ಅಂತ ಕೇಳಿದೆ.

ಪೊರೆ ನಿಂತಿತ್ತು, ಮೇಷ್ಟ್ರೇ. ಹುಳಿಯಲ್ಲಿ ನೆನೆಹಾಕಿ ತಿಕ್ಕಿದರೂ ಬಿಡಲಿಲ್ಲ; ನನ್ನ ಎರಡು ಉಗುರು ಕಿತ್ತುಬಂದ ಮೇಲೆ ಬಿಟ್ಟಿತು. ಕ್ಷಮೆ ಕೇಳಲು ಇದನ್ನು ಬರೆಸುತ್ತಿಲ್ಲ. ಆ ಪುಸ್ತಕ ಇನ್ನೂ ಇದ್ದರೆ, ಆ ಸಾಲನ್ನು ಹೊಡೆದುಹಾಕಿರಿ.