ತಮ್ಮ ತಂದಿಟ್ಟ ವಿಮಾನದ ಪುಸ್ತಕ

ತಮ್ಮ ವಿಮಾನ ಹಾರಿಸುವ ತರಬೇತಿಗೆ ಸೇರಿದ ಮೇಲೆ ನಮ್ಮ ಮನೆಯಲ್ಲಿ ಆಕಾಶ ನೋಡುವುದೂ ಒಂದು ಕೆಲಸವಾಯಿತು. ಅವನ ತರಬೇತಿ ಶಾಲೆ ಊರಾಚೆ. ಅವ್ವ, ನಾನು ನಗರದೊಳಗೆ ಕೂಕಟ್‌ಪಲ್ಲಿಯ ಫ್ಲ್ಯಾಟಿನಲ್ಲಿ. ಪುಟ್ಟ ವಿಮಾನದ ಸದ್ದು ಕೇಳಿದರೆ ಸಾಕು, ಅವ್ವ ಒಲೆ ಸಣ್ಣ ಮಾಡಿ ಬಾಲ್ಕನಿಗೆ ಓಡುತ್ತಿದ್ದಳು. ಸದ್ದು ನಿಂತರೆ ಇನ್ನೂ ಕಷ್ಟ. "ಇಳೀತೋ, ಏನಾತೋ" ಎಂದು ನಿಂತುಬಿಡುತ್ತಿದ್ದಳು. ನಾನು ಬೈದು ಒಳಗೆ ಕಳಿಸುತ್ತಿದ್ದೆ. ಅವಳು ಹೋದ ಮೇಲೆ ನಾನೂ ನೋಡುತ್ತಿದ್ದೆ.

ಅವನು ಒಬ್ಬನೇ ಹಾರುವ ದಿನ ಹತ್ತಿರವಾದಂತೆ ಅವ್ವ ಹಟ ಹಿಡಿದಳು. "ಸಾಕು, ಬಿಟ್ಟು ಬಾ. ನಿಮ್ಮಪ್ಪ ಇದ್ದಿದ್ರ ಮಾತು ಬ್ಯಾರೆ ಇತ್ತು." ಭಾನುವಾರ ಮನೆಗೆ ಬಂದಿದ್ದ ತಮ್ಮ ಜಗಳಕ್ಕೆ ನಿಲ್ಲಲಿಲ್ಲ. ಚೀಲದಿಂದ ಒಂದು ದಪ್ಪ ಇಂಗ್ಲಿಷ್ ಪುಸ್ತಕ ತೆಗೆದಿಟ್ಟ. ಮನುಷ್ಯ ಹಾರಲು ಕಲಿತ ಚರಿತ್ರೆ. ಕಲಿಸುವವರು ಎಲ್ಲ ಹುಡುಗರಿಗೂ ಓದಲೇಬೇಕೆಂದು ಹೇಳಿದ್ದರಂತೆ. ಇವನು ಆಬಿಡ್ಸ್‌ನ ಫುಟ್‌ಪಾತಿನಲ್ಲಿ ಹಳೇ ಪುಸ್ತಕ ಮಾರುವವರ ಹತ್ತಿರ ಚೌಕಾಸಿ ಮಾಡಿ ತಂದಿದ್ದ.

"ಅಕ್ಕ ಓದಿ ಹೇಳ್ತಾಳ. ಪೂರ್ತಿ ಕೇಳವ್ವ. ಆಮ್ಯಾಲೂ ಬ್ಯಾಡ ಅಂದ್ರ ಬಂದುಬಿಡ್ತೀನಿ" ಎಂದ.

ಬಸ್ ಸ್ಟಾಪಿನಲ್ಲಿ ನನ್ನೊಬ್ಬಳಿಗೇ ಇನ್ನೊಂದು ಮಾತು ಹೇಳಿದ. "ವಿಮಾನ ಬಿದ್ದದ್ದರ ಬಗ್ಗೆ ಒಂದು ಪಾಠ ಐತಿ. ಅದನ್ನ ಬಿಟ್ಟು ಓದಕ್ಕಾ."

ಹೀಗೆ ತನ್ನ ಇಡೀ ಭವಿಷ್ಯವನ್ನು ನನ್ನ ನಾಲಿಗೆಯ ಮೇಲಿಟ್ಟು ಬಸ್ಸು ಹತ್ತಿದ, ಪುಣ್ಯಾತ್ಮ.

ಟೀವಿಯಲ್ಲಿ ತೆಲುಗು ವಾರ್ತೆ ಮುಗಿದ ಮೇಲೆ ದಿನಾ ಓದು. ನಾನು ಇಂಗ್ಲಿಷ್ ನೋಡಿಕೊಂಡು ಕನ್ನಡದಲ್ಲಿ ಹೇಳುವುದು, ಅವ್ವ ಕಾಯಿಪಲ್ಲೆ ಸೋಸುತ್ತ "ಮುಂದ?" ಎನ್ನುವುದು. ಸೈಕಲ್ ಅಂಗಡಿಯ ಅಣ್ಣತಮ್ಮಂದಿರು ಮೊದಲ ಸಲ ಹಾರಿದ ಕಥೆಗೆ ಅವಳ ಪ್ರಶ್ನೆ ಒಂದೇ.

"ಅವರವ್ವ ಏನಂದ್ಲು?"

"ಇದರಾಗ ಬರೆದಿಲ್ಲವ್ವ."

"ಬರಿಯಂಗಿಲ್ಲ ತಗೋ."

ವಿಮಾನ ಬಿದ್ದ ಆ ಪಾಠ ಒಂದು ದಿನ ಬಂದೇ ಬಂತು. ಕೆಮ್ಮುವ ನೆಪ ಮಾಡಿ ಹಾಳೆಗಳನ್ನು ಒಟ್ಟಿಗೆ ತಿರುವಿದೆ. ಅವ್ವ ಸೊಪ್ಪಿನಿಂದ ತಲೆ ಎತ್ತಲಿಲ್ಲ, "ಮುಂದ?" ಎಂದಳು. ಅಲ್ಲಿಗೆ ಗೆದ್ದೆ ಅಂದುಕೊಂಡೆ. ಆದರೆ ಕಳ್ಳನ ಮನಸ್ಸು ಹುಳ್ಳುಳ್ಳಗೆ ಅಂತಾರಲ್ಲ, ಮರುದಿನ ಆಫೀಸಿಂದ ಬಂದವಳೇ ಅದೇ ಹಾಳೆಗಳನ್ನು ತೆಗೆದು ನೋಡಿದೆ. ಹೊಲದಲ್ಲಿ ಮುರಿದುಬಿದ್ದ ವಿಮಾನದ ಚಿತ್ರವಿತ್ತು. ಚಿತ್ರದ ಮೂಲೆಯಲ್ಲಿ ಅರಿಶಿನದ ಬೆರಳಚ್ಚು, ಇನ್ನೂ ಹಸಿ ಹಸಿ. ಕೈ ತೊಳೆಯುವಷ್ಟು ತಾಳ್ಮೆಯೂ ಇಲ್ಲದೆ ಅವಳು ಅಡುಗೆಮನೆಯಿಂದ ಎದ್ದುಬಂದು ನೋಡಿದ್ದಳು, ಒಬ್ಬಳೇ. ನನಗೆ ಅಳು ಬಂತು.

"ಓದಾಕ ಬರಂಗಿಲ್ಲ ಖರೆ" ಅವ್ವ ಬಾಗಿಲಲ್ಲಿ ನಿಂತಿದ್ದಳು. "ಚಿತ್ರ ತಿಳೀತೈತಿ."

ಓದಲೇ ಅಂದೆ. ಬೇಡ ಅಂದಳು. "ಬಿಟ್ಟು ಓದು ಅಂತ ಹೇಳಿಕೊಟ್ಟಾಂವ ಅವನಽ ಅಲ್ಲೇನು? ಅವನಽ ಬಂದು ಓದ್ಲಿ."

ಭಾನುವಾರದವರೆಗೆ ನನಗೆ ಅನ್ನ ಸೇರಲಿಲ್ಲ. ಅವನು ಬಿಟ್ಟುಬರಲಿ ಎಂದು ಒಂದು ಮನಸ್ಸು. ಬಿಟ್ಟುಬಂದರೆ ಅವನ ಮುಖ ಹೇಗೆ ನೋಡುವುದೆಂದು ಇನ್ನೊಂದು.

ಅವನು ಬಂದಾಗ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಪುಸ್ತಕವನ್ನು ಕಣ್ಣಲ್ಲೇ ತೋರಿಸಿದಳು. ಅವನು ಆ ಪಾಠ ತೆಗೆದು ಅರಿಶಿನದ ಗುರುತಿನ ಮೇಲೆ ಬೆರಳಿಟ್ಟ.

"ನಾನೂ ಇದನ್ನ ಓದಿಲ್ಲವ್ವ" ಎಂದ.

"ಯಾಕ?"

"ಅಂಜಿಕಿ."

ಅವ್ವ ಇನ್ನೊಂದು ರೊಟ್ಟಿಗೆ ಹಿಟ್ಟು ತೆಗೆದುಕೊಂಡಳು. "ಈಗ ಓದು."

ಓದಿದ. ವಿಮಾನ ಬಿದ್ದಾಗಲೆಲ್ಲ ಜನ ಚೂರುಚೂರು ಆರಿಸಿ ಜೋಡಿಸಿ, ಯಾವ ತಪ್ಪಿನಿಂದ ಬಿತ್ತೆಂದು ಹುಡುಕಿದ್ದರು. ಭಾರೀ ಪಳಗಿದ ಪೈಲಟ್ ಒಬ್ಬ ಹೊರಡುವ ಮುಂಚೆ, ನಿಂತ ವಿಮಾನದ ಬಾಲದ ಪಟ್ಟಿಗಳು ಗಾಳಿಗೆ ಅಲುಗದಂತೆ ಹಾಕಿದ್ದ ಬೀಗ ಬಿಚ್ಚಲು ಮರೆತು ಸತ್ತಿದ್ದ. ಅಂದಿನಿಂದ, ಎಂಥ ಪೈಲಟ್ಟೇ ಇರಲಿ, ನೋಡಬೇಕಾದ್ದನ್ನೆಲ್ಲ ಕಾಗದದಲ್ಲಿ ಓದಿಕೊಂಡೇ ಹಾರಬೇಕೆಂದು ಮಾಡಿದರಂತೆ. ಅಲ್ಲಿಗೆ ತಮ್ಮ ಪುಸ್ತಕ ಮುಚ್ಚಹೋದ.

"ಮುಂದ?" ಎಂದಳು ಅವ್ವ.

ಮುಗಿಸಿದ. ಹಂಚಿನ ಮೇಲೆ ರೊಟ್ಟಿ ಉಬ್ಬಿತು. ಅವ್ವ ಅದನ್ನು ಮಗುಚಿ ಕೇಳಿದಳು, "ಆ ಕಾಗದ ನಿಮಗೂ ಕೊಟ್ಟಾರೇನು?"

"ಕೊಟ್ಟಾರ."

"ದಿನಾ ಓದ್ತೀಯೇನು?"

"ಬಾಯಿಪಾಠ ಆಗೇತವ್ವ."

ಅವ್ವ ಅವನನ್ನೇ ನೋಡಿದಳು. ಅವನು ತಲೆ ತಗ್ಗಿಸಿ, "ಇನ್ನ ಮ್ಯಾಲೆ ಕಾಗದ ನೋಡೇ ಓದ್ತೀನಿ" ಎಂದ.

ಅವಳು ಬಿಸಿ ರೊಟ್ಟಿಯನ್ನು ಅವನ ತಾಟಿಗೆ ಹಾಕಿ, ಸೆರಗಿನಿಂದ ಕಣ್ಣು ಒರೆಸಿಕೊಂಡಳು.

"ಲಗೂನ ಉಣ್ಣು. ಹೊಳ್ಳಿ ಸಾಲಿಗೆ ಹೋಗೋ ಬಸ್ಸು ತಪ್ಪತೈತಿ."