ಟ್ರಾಲಿ ಹತ್ತಿದ ಕುರಿಗಳು

ಆಗ ಕುರಿಗಳು ನಡೆದೇ ಹೋಗುತ್ತಿದ್ದವು, ನಾವು ಅವುಗಳ ಹಿಂದೆ. ಸುಗ್ಗಿ ಮುಗಿದ ಮೇಲೆ ಸಾವಳಗಿಯಿಂದ ಮುಧೋಳದ ಕಡೆಯ ಕೊಯ್ದ ಹೊಲಗಳಿಗೆ ಮೇಯಿಸುತ್ತ, ದಾರಿಯಲ್ಲಿ ಯಾರದೋ ಹೊಲದಲ್ಲಿ ಹಿಂಡು ನಿಲ್ಲಿಸಿ ಮಲಗುತ್ತ. ನಾನು ಹೇಳುತ್ತಿರುವುದು ನಡೆಯದ ಮೊದಲ ವರ್ಷದ್ದು. ಆ ಸಲ ನಮ್ಮನ್ನು ಒಯ್ದ ಜೀಪು ಹಸಿರಾಗಿತ್ತೆಂದು ನನ್ನ ನೆನಪು. ತಮ್ಮ ಕಂದು ಅನ್ನುತ್ತಾನೆ. ಹಸಿರಿನ ಮೇಲೆ ಧೂಳಿತ್ತೋ ಏನೋ.

ಅಜ್ಜನ ಮೊಣಕಾಲು ಸೋತಿತ್ತು. ಹಿಂಡೂ ಕರಗಿ ಒಂದು ಟ್ರಾಲಿಯಲ್ಲಿ ಹಿಡಿಸುವಷ್ಟೇ ಉಳಿದಿತ್ತು. ಅಪ್ಪ ಹಳೇ ಜೀಪಿನ ಹಿಂದೆ ಸಣ್ಣ ಟ್ರಾಲಿ ಕಟ್ಟಿದ.

"ಎಪ್ಪಾ, ಇದರಾಗ ಸುಸೂತ್ರ ಮುಟ್ಟಿದ್ರ ಕುರಿ ಇಟ್ಕೊಳ್ಳೋಣು. ಇಲ್ಲಾಂದ್ರ ಈ ಸಲ ಮಾರಿಬಿಡೋದ."

ಅಜ್ಜ ಕುರಿಯ ಬೆನ್ನೊತ್ತಿ ಮಾಂಸ ನೋಡುವ ಹಾಗೆ ಹೆಬ್ಬೆರಳಿನಿಂದ ಟೈರು ಒತ್ತಿದ.

"ಕಲ್ಲಾಗೇತಿ ಇದು. ಗಬ್ಬದ ಕುರಿ ಅದಾವ, ಕುಲುಕಿದ್ರ ಕಂದು ಹಾಕ್ತಾವ, ಮರಿ ಉಳಿಯಂಗಿಲ್ಲ. ಗಾಳಿ ಬಿಡು."

ಅಪ್ಪನಿಗೂ ಅದು ಸರಿ ಅನ್ನಿಸಿತು. ಟ್ರಾಲಿಯ ಗಾಲಿಗಳಿಗೂ ಜೀಪಿನ ಹಿಂದಿನ ಗಾಲಿಗಳಿಗೂ ಗಾಳಿ ಇಳಿಸಿದ. ರಬ್ಬರು ನಾರುವ ಆ ತಣ್ಣನೆಯ ಗಾಳಿಗೆ ನಾನೂ ತಮ್ಮನೂ ಮುಖ ಒಡ್ಡಿದೆವು. ಅವ್ವ ಟೈರುಗಳಿಗೆ ಬೀರಪ್ಪ ದೇವರ ಅರಿಸಿನದ ಭಂಡಾರ ಹಚ್ಚಿದಳು.

ಜಮಖಂಡಿ ದಾಟುತ್ತಲೇ ಟ್ರಾಲಿ ಹೊಯ್ದಾಡತೊಡಗಿತು. ಅದು ಎಳೆದ ಕಡೆಗೆ ಜೀಪಿನ ಹಿಂಭಾಗವೂ ವಾಲಿತು. ಕುರಿಗಳು ಒಂದರ ಮೇಲೊಂದು ಬಿದ್ದು ಅರಚಿದವು.

"ಕುಡದವರಂಗ ಹೊಂಟೈತಲ್ಲೋ ಲೇ," ಅಂದ ಅಜ್ಜ.

"ನೀನ ಹೇಳಿದಿ, ಮೆತ್ತಗ ಇರಲಿ ಅಂತ."

"ಮೆತ್ತಗ ಅಂದ್ನಿ. ಮಲಗಿಸು ಅಂದ್ನೇನು?"

"ಮೊದಲ ನಿಂದರಸ್ರಿ," ಅಂದಳು ಅವ್ವ. "ಆಮ್ಯಾಲ ಇಬ್ರೂ ಜಗಳಾಡ್ರಿ."

ಬೇವಿನ ಗಿಡದ ಕೆಳಗೆ ನಿಲ್ಲಿಸಿದರು. ಟೈರುಗಳ ಪಕ್ಕೆ ಉಬ್ಬಿ, ಸುಟ್ಟ ವಾಸನೆ ಬರುತ್ತಿತ್ತು. ಅಜ್ಜ ಮುಟ್ಟಿ ಕೈ ಹಿಂದೆಗೆದ. "ಜ್ವರ ಬಂದೈತಿ." ಟ್ರಾಲಿಯಲ್ಲಿ ಒಂದು ಕುರಿ ಮಲಗಿದ್ದು ಏಳಲಿಲ್ಲ. ಅಜ್ಜ ಅದರ ಹೊಟ್ಟೆಯ ಮೇಲೆ ಕೈಯಿಟ್ಟು ಕೂತ. ಅಪ್ಪ ಅವನ ಮುಖ ನೋಡಲಾರದೆ ಜೀಪಿನ ಹಿಂದೆ ಕುಕ್ಕರಗಾಲಲ್ಲಿ ಕೂತು ಕೊಂಡಿಯನ್ನೇ ನೋಡುತ್ತಿದ್ದ. ಟ್ರಾಲಿಯ ಮೂತಿ ಜೀಪಿನ ಬೆನ್ನನ್ನು ಅಮುಕಿತ್ತು.

"ಭಾರ ಎಲ್ಲಾ ಇಲ್ಲಿ ಕುಂತೈತಿ," ಅಂದ ಕೊನೆಗೆ. "ಹಿಂದಿನ ಗಾಲಿಗೆ ದಿನಾ ಹಾಕೋದಕ್ಕಿಂತ ಜಾಸ್ತಿ ಗಾಳಿ ಬೇಕಿತ್ತು. ನಾವು ಇದ್ದದ್ದನ್ನೂ ತಗದೀವಿ."

ಟೈರು ಆರುವ ತನಕ ರೊಟ್ಟಿ, ಶೇಂಗಾ ಚಟ್ನಿ, ಉಳ್ಳಾಗಡ್ಡಿ ತಿಂದೆವು. ಅಜ್ಜ ತಿನ್ನಲಿಲ್ಲ. ಆಮೇಲೆ ಸರದಿಯ ಮೇಲೆ ಪಂಪು ಹೊಡೆದೆವು. ನಾನು ಜೋತುಬಿದ್ದರೂ ಹಿಡಿಕೆ ಇಳಿಯುತ್ತಿರಲಿಲ್ಲ. ಇದು ಮಾತ್ರ ಖಂಡಿತ ನೆನಪಿದೆ. ಅಷ್ಟರಲ್ಲಿ ಅಜ್ಜ ಮೆಲ್ಲಗೆ ಅಂದ, "ಒಳಗ ಒದೀತೈತಿ."

ಮುಧೋಳದವರೆಗೂ ಕುಲುಕುತ್ತ, ಆದರೆ ನೆಟ್ಟಗೆ ಹೋದೆವು. ಅಜ್ಜ ಒಂದೊಂದೇ ಕುರಿಯನ್ನು ಇಳಿಸಿ ತಡವಿ ನೋಡಿದ. ಆಗ ಅವನು ನಕ್ಕ ಅಂತ ನಾನು. ಇಲ್ಲ, ಅತ್ತರು ಅಂತ ಅವ್ವ. ಹಿಂಡು ಉಳಿಯಿತು.

ಮುಂದಿನ ವರ್ಷಗಳಲ್ಲಿ ಯಾರೂ ನಡೆಯಲಿಲ್ಲ. ಗೊಬ್ಬರಕ್ಕೆಂದು ನಮ್ಮ ಹಿಂಡನ್ನು ಹೊಲದಲ್ಲಿ ನಿಲ್ಲಿಸಿಕೊಂಡು, ನಮಗೆ ಜೋಳದ ನುಚ್ಚು, ಮಜ್ಜಿಗೆ ಕೊಡುತ್ತಿದ್ದ ಮನೆಗಳು ದಾರಿಯುದ್ದಕ್ಕೂ ಇದ್ದವು. ಅಂಥ ಒಂದು ಮನೆಯ ಮುದುಕಿ ಒಮ್ಮೆ ರಸ್ತೆಗೆ ಬಂದು ಕೈ ಎತ್ತಿದಳು. ಬ್ರೇಕು ಹಾಕಿದರೆ ಕುರಿ ಬೀಳುತ್ತವೆಂದು ಅಪ್ಪ ನಿಲ್ಲಿಸಲಿಲ್ಲ. ಈಗ ಕಾರಿನಲ್ಲಿ ಆ ರಸ್ತೆ ಹಿಡಿದು ಹೋಗುತ್ತೇನೆ. ಯಾವ ಹೊಲ ಅವಳದಾಗಿತ್ತೆಂದು ತಿಳಿಯುವುದಿಲ್ಲ.